ಬೇಡಾದ ಪತ್ರಗಳು

ಲಿನಕ್ಸ್ ಕಂಪ್ಯೂಟರ್ ಯಂತ್ರಕ್ಕೆ ಹೊಸ ಪ್ಯಾಕೇಜು, ಅಂದರೆ ತಂತ್ರಾಂಶದ ಗಂಟು, ಹಾಕುವಾಗ ಅದು ಮೊದಲು ಒಂದು ಪಟ್ಟಿ ತೋರಿಸುತ್ತದೆ. ನೀನು ಕೇಳಿದ್ದು ಇದು, ಇದರ ಬೆನ್ನಿಗೆ ಬರಲೇಬೇಕಾದವು ಇಷ್ಟು, ಮನಸ್ಸಿದ್ದರೆ ಇವನ್ನೂ ಹಾಕಿಕೋ ಎಂದು ಹೇಳಿ, ಮುಂದುವರಿಯಲೇ ಎಂದು ಕೇಳಿ ಸುಮ್ಮನೆ ಕೂಡುತ್ತದೆ. ಇಂಥ ಯಂತ್ರಗಳನ್ನು ನೋಡಿಕೊಳ್ಳುವ ನನ್ನ ಕಸುಬಿನವರು ಹೆಚ್ಚಾಗಿ ಪಟ್ಟಿ ಓದುವುದಿಲ್ಲ, ಹೌದು ಎಂದು ‘ವೈ’ ಒತ್ತಿ ಚಹಾಕ್ಕೆ ಹೋಗುತ್ತಾರೆ. ನಾನು ಓದುವವನು. ಕೊಲ್ಹಾಪುರದ ಕಡೆಯ ಗಡಹಿಂಗ್ಲಜದ ನಮ್ಮ ಮನೆಗೆ ಲಗ್ನಪತ್ರಿಕೆ ಬಂದರೂ ಮದುಮಕ್ಕಳನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರದ ಬಂಧುಬಳಗವನ್ನೇ ಮೊದಲು ಓದುತ್ತೇನೆ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯದೆ ನನಗೆ ಊಟ ರುಚಿಸುವುದಿಲ್ಲ. ಮನೆಯವರಿಗೆ ಇದೊಂದು ನಗೆಯ ವಿಷಯ.

ಆ ಪಟ್ಟಿಯಲ್ಲಿ ನನಗೆ ಇಷ್ಟವಾಗುವುದು ಮೂರನೆಯ ಗುಂಪು, ‘ಮನಸ್ಸಿದ್ದರೆ ಹಾಕಿಕೋ’ ಎನ್ನುವುದು. ಬೇಕೇಬೇಕು ಎನ್ನುವುದರಲ್ಲಿ ಏನು ಸ್ವಾರಸ್ಯ? ಬೇಕಿಲ್ಲದ್ದು ಏನು ಮಾಡೀತು ಎಂದು ನೋಡುವುದರಲ್ಲೇ ಇರುವುದು ಮಜಾ. ಈ ಚಟದಿಂದ ಒಮ್ಮೆ ಒಬ್ಬ ಹೆಣ್ಣುಮಗಳ ಕುರ್ಚಿಯೇ ಹೋಗುವುದರಲ್ಲಿತ್ತು.

ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದು ಇಚಲಕರಂಜಿಯ ಬಟ್ಟೆ ಪೇಢಿಯದು, ಅಂದರೆ ವ್ಯಾಪಾರದ ಮನೆಯದು. ಪಕ್ಕದ ಊರು ಕೊರೋಚಿಯ ಮಗ್ಗಗಳಿಂದ ಬಟ್ಟೆ ತೆಗೆದುಕೊಂಡು ಹೊರಗಿನ ಊರುಗಳಿಗೆ ಕಳಿಸುವ ಮನೆತನ. ಮೂಲದಲ್ಲಿ ಕರ್ನಾಟಕದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ; ಮಾಲಕರಿಗೆ ಸಿಟ್ಟು ಬಂದರೆ ಎಲ್ಲಿದ್ದರೂ ಮರಾಠಿ. ನಮ್ಮ ಟಪಾಲು ನಮ್ಮ ಮನೆಯಲ್ಲೇ ಇರಬೇಕು, ಬೇರೆಯವರ ಪೆಟ್ಟಿಗೆಯಲ್ಲಿ ಯಾಕೆ ಇಡಬೇಕು ಎನ್ನುವುದು ಅವರ ಹಟ. ಹಾಗಾಗಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿದ್ದರು. ಇಚಲಕರಂಜಿಯ ಪೇಢಿಯ ಕೆಳಗೇ ಮಗ್ಗಗಳಿದ್ದು ದಿನವಿಡೀ ನೆಲ ನಡುಗುತ್ತಿದ್ದುದರಿಂದ ಯಂತ್ರವನ್ನು ಕೊಲ್ಹಾಪುರದ ಶಾಖೆಯ ಒಂದು ಮೂಲೆಯಲ್ಲಿ ಇಟ್ಟಿದ್ದೆವು. ನಾನು ತಿಂಗಳಿಗೆ ಎರಡು ಸಲ ಗಡಹಿಂಗ್ಲಜದಿಂದ ಬಸ್ಸು ಹಿಡಿದು ಹೋಗಿ ಅದರ ಧೂಳು ಒರೆಸಿ ಬರುತ್ತಿದ್ದೆ.

ಪತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಇಚಲಕರಂಜಿಯಲ್ಲಿ ಕೂಡುತ್ತಿದ್ದ ಅಕ್ಕಾರು. ಎಲ್ಲರಿಗೂ ಅವರು ಅಕ್ಕಾರು, ಮಾಲಕರು ಮಾತ್ರ ಮರಾಠಿಯ ಮರ್ಯಾದೆಯಲ್ಲಿ ‘ಬಾಯಿ’ ಎಂದು ಕರೆಯುತ್ತಿದ್ದರು. ಟೈಪ್‌ರೈಟರಿನ ಕಾಲದಲ್ಲಿ ಸೇರಿದವರು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪತ್ರ ಬರೆಯುತ್ತಿದ್ದರು, ಮೂರರಲ್ಲೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಅವರ ಮೇಜಿನ ಪಕ್ಕದ ಗೋಡೆಗೆ ಒಂದು ಬಾಗಿದ ತಂತಿ ನೇತಾಡುತ್ತಿತ್ತು. ಹಿಂದೆ ಉತ್ತರ ಬರೆದು ಮುಗಿಸಿದ ಪತ್ರವನ್ನು ಅದಕ್ಕೆ ಚುಚ್ಚುತ್ತಿದ್ದರಂತೆ. ಉತ್ತರ ಬರೆಯದೆ ಯಾವ ಕಾಗದವೂ ತಂತಿ ಏರಬಾರದು ಎನ್ನುವುದು ಅವರ ನೇಮ. ಈಗ ಆ ತಂತಿಗೆ ಕರೆಂಟಿನ ಬಿಲ್ಲು, ಕೊರಿಯರಿನ ಚೀಟಿ ಮಾತ್ರ.

ಆ ವರ್ಷ ಪೇಢಿಗೆ ಕಸದ ಮೇಲ್ ವಿಪರೀತವಾಯಿತು. ಲಾಟರಿ ಹತ್ತಿದೆ, ಸಾಲ ಕೊಡುತ್ತೇವೆ, ಬೊಕ್ಕತಲೆಗೆ ಕೂದಲು ಬರಿಸುತ್ತೇವೆ ಎಂದು ದಿನಕ್ಕೆ ಹತ್ತಾರು. ಮಾಲಕರದು ನುಣ್ಣನೆಯ ತಲೆ. ಆ ಕೂದಲಿನ ಪತ್ರಗಳನ್ನು ಯಾರೋ ಬೇಕೆಂದೇ ಕಳಿಸುತ್ತಾರೆಂದು ಅವರಿಗೆ ಗುಮಾನಿ. ಏನಾದರೂ ಮಾಡಿ ಎಂದರು. ನಾನು ಕೊಲ್ಹಾಪುರಕ್ಕೆ ಹೋಗಿ ಕಸ ಸೋಸುವ ಪ್ಯಾಕೇಜು ಹಾಕಿದೆ. ಅದರ ಬೆನ್ನಿಗೆ ಇಪ್ಪತ್ತು ಮೂವತ್ತು ಬಂದವು. ಒಂದು ಪತ್ರದ ಗಂಟು ಬಿಚ್ಚುವುದು, ಒಂದು ಕಳಿಸಿದವರ ವಿಳಾಸ ನಿಜವೋ ಎಂದು ವಿಚಾರಿಸುವುದು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಟ್ಟಿಯ ಕೊನೆಯಲ್ಲಿ, ‘ಮನಸ್ಸಿದ್ದರೆ’ ಗುಂಪಿನಲ್ಲಿ, ಕಲಿಯುವ ಪ್ಯಾಕೇಜು ಒಂದಿತ್ತು. ಜನ ಯಾವ ಪತ್ರವನ್ನು ಕಸದ ಫೋಲ್ಡರಿಗೆ ಎಳೆದು ಹಾಕುತ್ತಾರೋ ಅದನ್ನು ದಿನಾ ಬೆಳಿಗ್ಗೆ ಓದುತ್ತದೆ, ಇಂಥ ಮಾತಿರುವ ಪತ್ರ ಕಸ ಎಂದು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ಮುಂದೆ ಅಂಥದ್ದು ಬಂದರೆ ತಾನೇ ಆ ಫೋಲ್ಡರಿಗೆ ತಳ್ಳುತ್ತದೆ. ಫೋಲ್ಡರಿಗೆ ಹಾಕದೆ ಉಳಿಸಿಕೊಂಡದ್ದು ಒಳ್ಳೆಯದು ಎಂದು ತಿಳಿಯುತ್ತದೆ. ಎರಡು ಕಡೆಯೂ ಇನ್ನೂರು ಪತ್ರ ಓದುವ ತನಕ ಬಾಯಿ ಬಿಡುವುದಿಲ್ಲ. ಈ ಸಂಕೋಚ ನನಗೆ ಬಹಳ ಹಿಡಿಸಿತು. ಯಂತ್ರವೊಂದು ಮನುಷ್ಯರನ್ನು ನೋಡಿ ಏನು ಕಲಿತೀತು? ತಿಳಿಯಬೇಕೆನಿಸಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ‘ವೈ’ ಒತ್ತಿದೆ.

ಬಸ್ಸಿಗೆ ಹೊತ್ತಾಗಿತ್ತು. ಪೇಢಿಗೆ ತಿಳಿಸಲೆಂದು ಅವಸರದಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು ಅಕ್ಕಾರಿಗೆ ಕಳಿಸಿದೆ. ಸ್ವಲ್ಪ ಪ್ಯಾಕೇಜಿನ ಸೂಚನೆಯಿಂದ ನಕಲು ಮಾಡಿದ್ದು, ಸ್ವಲ್ಪ ನನ್ನ ಸ್ವಂತದ್ದು. ಮರುದಿನವೇ ಉತ್ತರ ಬಂತು: ತಿಳಿಯಿತು, ವಂದನೆಗಳು. ಆಮೇಲೂ ಬ್ಯಾಕಪ್ಪು, ಪಾಸ್‌ವರ್ಡು ಎಂದು ಏನೇನೋ ಇಂಗ್ಲಿಷಿನಲ್ಲೇ ಬರೆದೆ. ಎಲ್ಲಕ್ಕೂ ಮರುದಿನ ಉತ್ತರ.

ಒಂದೂವರೆ ತಿಂಗಳು ಆಗಿರಬೇಕು, ಮಾಲಕರ ಫೋನು ಬಂತು. ಬಟ್ಟೆಯ ಅಗಲ ಬದಲಿಸಬೇಕೆಂದು ಹೊರಗಿನ ಗಿರಾಕಿಯೊಬ್ಬರು ಪತ್ರ ಬರೆದಿದ್ದಾರೆ, ಉತ್ತರವಿಲ್ಲ. ಮತ್ತೆ ಬರೆದಿದ್ದಾರೆ, ಉತ್ತರವಿಲ್ಲ. ಇಲ್ಲಿ ಮಗ್ಗದ ಮೇಲೆ ಹಳೆಯ ಅಗಲವೇ ಓಡುತ್ತಿದೆ.

“ಜುನಾ ಗಿರಾಕಿರೀ ಅವ್ರು, ನಮ್ಮ ತಂದಿ ಕಾಲದಿಂದ ಅದಾರ,” ಎಂದರು ಮಾಲಕರು. “ಮೂರ ಪತ್ರ ಬರದಾರಂತ. ಬಂದಾವೋ ಇಲ್ಲೋ, ಅಷ್ಟ ನೋಡಿ ಹೇಳ್ರಿ.”

ನಮ್ಮ ಕಡೆ ಹಳೆಯದಕ್ಕೆಲ್ಲ ಜುನಾ. ಮರಾಠಿಯಿಂದ ಬಂದು ನಮ್ಮ ಕನ್ನಡದಲ್ಲಿ ಮನೆ ಮಾಡಿಕೊಂಡ ಮಾತು. ಜುನಾ ಗಿರಾಕಿ ಎಂದರೆ ಮರ್ಯಾದೆಯ ಗಿರಾಕಿ.

ನಾನು ಮನೆಯಿಂದಲೇ ಕೊಲ್ಹಾಪುರದ ಯಂತ್ರದೊಳಗೆ ಹೊಕ್ಕು ಅದರ ದಿನಚರಿ ತೆಗೆದೆ. ಯಾವ ಪತ್ರ ಎಷ್ಟು ಹೊತ್ತಿಗೆ ಬಂತು, ಯಾರ ಪೆಟ್ಟಿಗೆಗೆ ಹೋಯಿತು ಎಂದು ಯಂತ್ರ ತಾನೇ ಬರೆದಿಡುತ್ತದೆ. ಗಿರಾಕಿಯ ಮೂರು ಪತ್ರಗಳೂ ಸಿಕ್ಕವು. ಮೂರರ ಮುಂದೆಯೂ ಒಂದೇ ಮಾತು: ಮುಟ್ಟಿಸಲಾಗಿದೆ. ಅದರ ಕೆಳಗೆ ಇನ್ನೂ ಒಂದು ಸಾಲಿರುತ್ತದೆ, ಯಾವ ಫೋಲ್ಡರಿಗೆ ಮುಟ್ಟಿಸಿತು ಎಂದು. ಪಟ್ಟಿ ಓದುವುದೇ ತನ್ನ ಗುಣ ಎಂದು ಜಂಬ ಕೊಚ್ಚುವ ನಾನು ಆ ಸಾಲನ್ನು ಓದಲಿಲ್ಲ. ಫೋನಿನಲ್ಲಿ ಮಾಲಕರಿಗೆ ಹೇಳಿಬಿಟ್ಟೆ.

“ಪತ್ರ ಮುಟ್ಟ್ಯಾವ್ರಿ.”

ಮಾಲಕರು, “ಹಂಗಂದ್ರ ಬಾಯಿ ನೋಡೇ ಇಲ್ಲ. ಬಸ್ ಝಾಲಂ ಆತಾ,” ಎಂದರು. ಇನ್ನು ಸಾಕು ಎಂದು ಮರಾಠಿಯಲ್ಲಿ ಹೇಳಿದರೆಂದರೆ ತೀರ್ಮಾನ ಆದಂತೆ. ಸೋಮವಾರದಿಂದ ಪತ್ರಗಳೆಲ್ಲ ಕೊಲ್ಹಾಪುರದ ಶಾಖೆಗೆ, ಅಕ್ಕಾರು ಕೆಳಗೆ ಬಟ್ಟೆಯ ತುಂಡುಗಳಿಗೆ ಚೀಟಿ ಅಂಟಿಸುವ ಕಡೆಗೆ. ವಯಸ್ಸಾಯಿತು, ಮರೆವು ಬಂದಿದೆ, ತಪ್ಪಿಲ್ಲ ಎಂದೂ ಸೇರಿಸಿದರು. ಆ ‘ತಪ್ಪಿಲ್ಲ’ ನನಗೆ ಚುಚ್ಚಿತು.

ಫೋನಿಟ್ಟ ಮೇಲೆ ನನಗೆ ಸಮಾಧಾನವಾಗಲಿಲ್ಲ. ಪಾಸ್‌ವರ್ಡಿನ ಪತ್ರಕ್ಕೂ ಮರುದಿನ ಉತ್ತರ ಬರೆಯುವ ಮನುಷ್ಯ ಗಿರಾಕಿಯ ಮೂರು ಪತ್ರ ನುಂಗಿ ಕೂತಿದ್ದು ಹೇಗೆ? ದಯೆಗಿಂತ ಹೆಚ್ಚಾಗಿ ಅದು ಕುತೂಹಲವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮರುದಿನ ಶುಕ್ರವಾರ. ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಕಾಗಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ಬಹಳ ಹೊತ್ತು ಕಳೆಯಿತು. ಇಚಲಕರಂಜಿ ಮುಟ್ಟುವಾಗ ಬಿಸಿಲೇರಿತ್ತು.

ಅಕ್ಕಾರು ಎಂದಿನಂತೆ ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ಕೂತಿದ್ದರು. ಮೇಜಿನ ಮೇಲಿನ ಸಣ್ಣ ಗಣಪತಿ, ಚಷ್ಮಾದ ಡಬ್ಬಿ, ಟೈಪಿಂಗ್ ಪರೀಕ್ಷೆಯ ಕಟ್ಟು ಹಾಕಿದ ಪ್ರಮಾಣಪತ್ರ, ಎಲ್ಲವನ್ನೂ ಆಗಲೇ ಒಂದು ಕೈಚೀಲಕ್ಕೆ ತುಂಬಿದ್ದರು. ನನ್ನನ್ನು ನೋಡಿ ಚಹಾ ತರಿಸಿದರು. ಯಾಕೆ ಬಂದೆ ಎಂದು ಕೇಳಲಿಲ್ಲ. ನಾನೇ ಗಿರಾಕಿಯ ಮಾತು ತೆಗೆದೆ.

“ಬಂದಿದ್ರ ನಾ ಉತ್ತರಾ ಬರೀತಿದ್ದೆರಿ,” ಎಂದರು. “ನನ್ನ ಟೇಬಲ್ ಮ್ಯಾಲ ಉತ್ತರ ಇಲ್ದ ಪತ್ರ ಒಂದ ದಿನಾನೂ ಉಳದಿಲ್ಲ. ಯಂತ್ರ ಮುಟ್ಟ್ಯಾವ ಅಂತೈತಿ ಅಂತ. ಹಂಗಂತ ನೀವ ಹೇಳೀರಿ ಅಂತ.”

ಕಡೆಯ ಮಾತನ್ನು ಅವರು ಕಂಪ್ಯೂಟರಿನ ಕಡೆ ನೋಡುತ್ತ ಹೇಳಿದರು. ನೀವು ದಿನದಂತೆ ಕೆಲಸ ಮಾಡಿ, ನಾನು ನೋಡುತ್ತೇನೆ ಎಂದು ಪಕ್ಕಕ್ಕೆ ಸ್ಟೂಲು ಎಳೆದುಕೊಂಡೆ.

ಒಂದು ಪತ್ರ ತೆರೆದರು. ಹತ್ತೂ ಬೆರಳಿನಿಂದ, ಕೀಲಿಗಳ ಕಡೆ ನೋಡದೆ, ನಾಲ್ಕು ಸಾಲಿನ ಉತ್ತರ ಟೈಪು ಮಾಡಿದರು, ಕಳಿಸಿದರು. ಆಮೇಲೆ ಮುಗಿದ ಪತ್ರವನ್ನು ಮೌಸಿನಲ್ಲಿ ಹಿಡಿದು ಎಡಗಡೆಯ ಫೋಲ್ಡರೊಂದಕ್ಕೆ ಎಳೆದು ಬಿಟ್ಟರು. ಕೂದಲು ಬರಿಸುವವರ ಪತ್ರ ಬಂತು. ಅದಕ್ಕೆ ಉತ್ತರ ಬರೆಯುವಂಥದ್ದಿಲ್ಲ. ಬರೆಯದ್ದು ತಂತಿ ಏರುವಂತಿಲ್ಲ. ಅದನ್ನು ಇದ್ದಲ್ಲೇ ಬಿಟ್ಟರು. ಕೊರಿಯರಿನವರ ಪತ್ರ ಒಂದು, ಉತ್ತರ, ಮತ್ತೆ ಎಡಗಡೆಗೆ.

ಕಣ್ಣಿಗೆ ಅನುಕೂಲವಾಗಲೆಂದು ಅವರ ಪರದೆಯ ಅಕ್ಷರಗಳನ್ನು ಹಿಂದೊಮ್ಮೆ ನಾನೇ ದೊಡ್ಡದು ಮಾಡಿಕೊಟ್ಟಿದ್ದೆ. ಹಾಗಾಗಿ ಎಡಗಡೆಯ ಅಂಕಣದಲ್ಲಿ ಹೆಸರುಗಳು ಪೂರ್ತಿ ಹಿಡಿಯುತ್ತಿರಲಿಲ್ಲ. ಆ ಫೋಲ್ಡರಿನ ಹೆಸರು ಜೆ, ಯು, ಎನ್ ಎಂಬ ಮೂರು ಅಕ್ಷರ, ಮುಂದೆ ಮೂರು ಚುಕ್ಕೆ.

ಇದು ಯಾವ ಫೋಲ್ಡರು ಎಂದು ಕೇಳಿದೆ.

“ಜುನೇರಿ,” ಎಂದರು. “ಮುಗದ ಪತ್ರ ಹಾಕೂದು. ನೀವ ಬರದಿದ್ರಲ್ಲಾ?”

ವಾಟ್ಸಾಪಿನಲ್ಲಿ ಇಲ್ಲಿಯ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ, ಮರಾಠಿ ಎಲ್ಲ ಬರೆಯುತ್ತಾರೆ. ಜೆ, ಯು, ಎನ್ ಎಂದು ಕಂಡರೆ ಜುನೆ, ಹಳೆಯವು ಎಂದು ಓದುವುದು ತೀರ ಸಹಜ. ನಾನು ಅಂಕಣದ ಅಂಚು ಹಿಡಿದು ಬಲಕ್ಕೆ ಎಳೆದೆ. ಮುಚ್ಚಿದ್ದ ಕೆ ಹೊರಗೆ ಬಂತು. ಜಂಕ್. ಅದರ ಪಕ್ಕದಲ್ಲಿ, ಓದದ ಪತ್ರಗಳ ಲೆಕ್ಕ. ಓದದ ಪತ್ರಗಳಿದ್ದರೆ ಫೋಲ್ಡರಿನ ಹೆಸರು ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಅದನ್ನೂ ನೋಡಲಿಲ್ಲವೇ ಎಂದೆ.

“ನೋಡಿದ್ನಿರಿ. ಭಾಳ ತುಂಬೇತಿ, ಅದಕ್ಕ ದಪ್ಪ ಆಗೇತಿ ಅಂದ್ಕೊಂಡೆ.”

ನನಗೆ ನಗು ಬಂತು, ಕೂಡಲೇ ನಿಂತಿತು. ಫೋಲ್ಡರು ತೆರೆದೆ. ಜುನಾ ಗಿರಾಕಿಯ ಮೂರು ಪತ್ರಗಳೂ ಮೇಲೆಯೇ ಇದ್ದವು. ಯಾರೂ ತೆರೆದಿರಲಿಲ್ಲ. ಅಕ್ಕಾರು ಒಂದೊಂದೇ ಉತ್ತರ ಮುಗಿಸಿ ಇಲ್ಲಿಗೆ ಎಳೆದಂತೆ ಯಂತ್ರ ಬೆಳಿಗ್ಗೆ ಬೆಳಿಗ್ಗೆ ಕೂತು ಪಾಠ ಓದಿದೆ. ಇನ್ನೂರು ತುಂಬಿದ ದಿನ ಬಾಯಿ ಬಿಟ್ಟಿದೆ. ಗಿರಾಕಿಗಳೆಲ್ಲ ಕಸ, ಲಾಟರಿಯವರೆಲ್ಲ ಸಂಭಾವಿತರು. ಅಕ್ಕಾರು ಸೋಮಾರಿಯಾಗಿದ್ದರೆ ಅದು ಇಷ್ಟು ಚೆನ್ನಾಗಿ ಕಲಿಯುತ್ತಲೇ ಇರಲಿಲ್ಲ.

ಒಂದು ಪತ್ರವನ್ನು ಕೊಟ್ಟು, ಇದನ್ನು ಯಾಕೆ ಕಸ ಎಂದೆ ಎಂದು ಯಂತ್ರವನ್ನು ಕೇಳುವ ಉಪಾಯವಿದೆ. ಗಿರಾಕಿಯ ಪತ್ರ ಕೊಟ್ಟು ಕೇಳಿದೆ. ಅನುಮಾನದ ಮಾತುಗಳನ್ನು ಸಾಲಾಗಿ ತೋರಿಸಿತು. ಮೊದಲನೆಯದು ಪನ್ನಾ, ಬಟ್ಟೆಯ ಅಗಲಕ್ಕೆ ಪೇಟೆಯವರು ಹೇಳುವ ಮಾತು. ಎರಡನೆಯದು ನಮಸ್ಕಾರ. ಅಕ್ಕಾರು ಚಷ್ಮಾ ಸರಿಮಾಡಿಕೊಂಡು ಬಗ್ಗಿ ಓದಿದರು.

“ನಮಸ್ಕಾರ ಅನ್ನೂದೂ ಹೊಲಸು ಮಾತಾತೇನ್ರಿ?” ಎಂದರು.

ಲಾಟರಿಯವರು ಯಾರೂ ನಮಸ್ಕಾರ ಎನ್ನುವುದಿಲ್ಲ. ನಮಸ್ಕಾರ ಎಂದು ಬರೆದವರಿಗೆಲ್ಲ ಅಕ್ಕಾರು ಉತ್ತರ ಬರೆದಿದ್ದರು. ಯಂತ್ರದ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ, ನಾನು ಬೆರಗಾಗಿ ನೋಡುತ್ತಲೇ ಕೂತೆ. ಅಷ್ಟರಲ್ಲಿ ಅಕ್ಕಾರು ಮೌಸು ತೆಗೆದುಕೊಂಡು ಫೋಲ್ಡರಿನ ತಳಕ್ಕೆ, ಎಲ್ಲಕ್ಕಿಂತ ಮೊದಲು ಅದರೊಳಗೆ ಬಿದ್ದ ಪತ್ರಕ್ಕೆ ಇಳಿದರು. ಅದು ನನ್ನದು.

ಆಗಲೇ ಮಾಲಕರು ಮೆಟ್ಟಿಲೇರಿ ಬಂದರು. ನನ್ನನ್ನು ಕಂಡು ಏನಾಯಿತು ಎಂದು ಕೇಳಿದರು. ಪರದೆಯ ಮೇಲೆ ಜಂಕ್ ಎಂಬ ಹೆಸರು, ಅದರ ಕೆಳಗೆ ಅವರಿಗೆ ಗೊತ್ತಿರುವ ಗಿರಾಕಿಗಳ ಸಾಲು. ಅವರಿಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

“ಅಂದ್ರ ನಮ್ಮ ಗಿರಾಕಿಗೋಳನ್ನೆಲ್ಲಾ ಬಾಯಿನ ಕಚರಾದಾಗ ಹಾಕ್ಯಾರ,” ಎಂದರು.

ಅಕ್ಕಾರು ಕೈಚೀಲವನ್ನು ಹತ್ತಿರ ಎಳೆದುಕೊಂಡರು. ಸಾಫ್ಟ್‌ವೇರಿನ ದೋಷ ಎಂದು ನಾನು ಅಂದಿದ್ದರೆ ನಡೆದುಹೋಗುತ್ತಿತ್ತು. ನಮ್ಮ ಕಸುಬಿನಲ್ಲಿ ಅದು ದೇವರಾಣೆ ಇದ್ದಂತೆ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನನ್ನ ಪತ್ರ ಪರದೆಯ ಮೇಲೆ ತೆರೆದೇ ಇತ್ತು. ಅದನ್ನು ಮಾಲಕರಿಗೆ ಓದಿ ಹೇಳಿ ಎಂದು ಅಕ್ಕಾರನ್ನೇ ಕೇಳಿಕೊಂಡೆ. ಅವರು ಇಂಗ್ಲಿಷ್ ನೋಡುತ್ತ ಕನ್ನಡದಲ್ಲಿ ಹೇಳಿದರು.

“ನಿಮಗ ಇನ್ನ ಬ್ಯಾಡಾದ ಪತ್ರಗೋಳ್ನ ಈ ಫೋಲ್ಡರಿನ್ಯಾಗ ಹಾಕ್ರಿ. ಅದನ್ನ ನೋಡಿ ಯಂತ್ರ ಕಲೀತೈತಿ.”

ಬೇಡದ ಪತ್ರ ಎಂದು ಬರೆಯಲು ಹೋಗಿ ಇನ್ನು ಬೇಡಾದ ಪತ್ರ, ಅಂದರೆ ಕೆಲಸ ಮುಗಿದ ಪತ್ರ, ಎಂದು ಅರ್ಥವಾಗುವಂತೆ ಬರೆದಿದ್ದೆ. ಆ ಪತ್ರ ಬರುವ ತನಕ ಅಕ್ಕಾರು ಒಂದನ್ನೂ ಅಲ್ಲಿಗೆ ಹಾಕಿದವರಲ್ಲ. ಅದು ಬಂದ ದಿನ ಉತ್ತರ ಬರೆದು, ಮುಗಿದ ಮೊದಲ ಪತ್ರವಾಗಿ ಅದನ್ನೇ ಅಲ್ಲಿಗೆ ಹಾಕಿದ್ದರು. ಹಾಗಾದರೆ ನನ್ನ ಪತ್ರದಲ್ಲಿ ಫೋಲ್ಡರಿನ ಹೆಸರನ್ನು ಜಂಕ್ ಎಂದು ಪೂರ್ತಿ ಬರೆದಿದ್ದೆನಲ್ಲ, ಅದರ ಕೊನೆಯ ಕೆ?

“ಇ ಒತ್ತಾಕ ಹೋಗಿ ಕೆ ಒತ್ತ್ಯಾರ ಅಂತ ತಿಳ್ಕೊಂಡೆರಿ,” ಎಂದರು ಅಕ್ಕಾರು. “ಎರಡೂ ನಡುಬೆರಳಿನ ಅಕ್ಷರ. ಎಡಗೈ ಬದ್ಲಿ ಬಲಗೈ ಆಗೇತಿ. ನಿಮಗ ಟೈಪಿಂಗ್ ಕಲತಿದ್ದ ಇಲ್ಲಲ್ಲಾ.”

ನನ್ನ ತಪ್ಪೆಂದು ತಿಳಿದು, ಒಂದು ಮಾತೂ ಆಡದೆ ಕ್ಷಮಿಸಿಬಿಟ್ಟಿದ್ದರು. ನಾನು ಮಾಲಕರ ಕಡೆ ತಿರುಗಿದೆ. ಇವರು ಮಾಡಿದ್ದು ನಾನು ಬರೆದದ್ದನ್ನೇ ಎಂದೆ. ಆ ಕಲಿಯುವ ಪ್ಯಾಕೇಜು ಬೇಕಾಗಿರಲಿಲ್ಲ, ನೋಡೋಣ ಎಂದು ಹಾಕಿದವನು ನಾನು. ಪತ್ರ ಮುಟ್ಟಿವೆ ಎಂದು ನಿಮಗೆ ಫೋನಿನಲ್ಲಿ ಹೇಳಿದಾಗ ಒಂದೇ ಸಾಲು ಓದಿದ್ದೆ, ಎಲ್ಲಿಗೆ ಮುಟ್ಟಿವೆ ಎಂದು ನೋಡಿರಲಿಲ್ಲ. ಇಪ್ಪತ್ತು ವರ್ಷದ ಕಸುಬಿನಲ್ಲಿ ಗಿರಾಕಿಯ ಮುಂದೆ ಹೀಗೆ ಒಪ್ಪಿಕೊಂಡದ್ದು ಅದೇ ಮೊದಲು.

ಮಾಲಕರು ಬೋಳುತಲೆ ಸವರಿಕೊಂಡರು. ಅಕ್ಕಾರ ಕಡೆ ನೋಡಿ, “ಬಾಯಿ, ಮೊದಲ ಆ ಪನ್ನಾದ ಪತ್ರಕ್ಕ ಉತ್ತರಾ ಬರೀರಿ,” ಎಂದು ಕನ್ನಡದಲ್ಲಿ ಹೇಳಿ ಕೆಳಗೆ ಹೋದರು. ಸೋಮವಾರದ ಮಾತು ಅವರೂ ಎತ್ತಲಿಲ್ಲ, ಅಕ್ಕಾರೂ ಕೇಳಲಿಲ್ಲ. ಉತ್ತರ ಕಳಿಸಿದ ಮೇಲೆ ಅಕ್ಕಾರು ಚೀಲದಿಂದ ಗಣಪತಿಯನ್ನು ತೆಗೆದು ಸೆರಗಿನಿಂದ ಒರೆಸಿ ಮೇಜಿನ ಮೇಲೆ ಇಟ್ಟರು.

ಯಂತ್ರ ಕಲಿತದ್ದನ್ನೆಲ್ಲ ಒಂದೇ ಆಜ್ಞೆಯಲ್ಲಿ ಅಳಿಸಿಬಿಡಬಹುದು ಎಂದೆ. ಅವರು ಬೇಡ ಎಂದರು.

“ಕಲಿಸಿದಾಕಿ ನಾ ಇದ್ದೇನಿ, ಬಿಡಿಸೂದೂ ನಾನ ಬಿಡಸ್ತೇನ್ರಿ. ಒಂದೊಂದ ಹೊರಗ ತಗೀತೇನಿ.” ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ನನ್ನ ಜೋಡಿ ಮಾತಾಡೂದೆಲ್ಲಾ ಕನ್ನಡದಾಗ. ಪತ್ರ ಯಾಕ ಇಂಗ್ಲಿಷಿನ್ಯಾಗ ಬರದ್ರಿ?”

ಕಂಪ್ಯೂಟರಿನ ವಿಷಯ ಇಂಗ್ಲಿಷಿನಲ್ಲೇ ಇರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ಬರೆದರೆ ಕೆಲಸ ಸಣ್ಣದಾಗಿ ಕಾಣುತ್ತದೆಂಬ ಒಂದು ಅಳುಕು, ಸ್ವಲ್ಪ ಠೇಂಕಾರವೂ ಇತ್ತು. ಅದನ್ನು ಅವರಿಗೆ ಹೇಳಲಿಲ್ಲ. ತಪ್ಪಾಯಿತು ಎಂದಷ್ಟೇ ಅಂದೆ.

ಊರಿಗೆ ಬಂದು ಆ ಶನಿವಾರವೇ ಹೊಸ ಪತ್ರ ಬರೆಯಲು ಕೂತೆ. ಕಸದ ಫೋಲ್ಡರು ಎಂದರೇನು, ಯಂತ್ರ ಏನು ಕಲಿಯುತ್ತದೆ, ಮುಗಿದ ಪತ್ರಕ್ಕೆ ‘ತಂತಿ’ ಎಂಬ ಬೇರೆ ಫೋಲ್ಡರು ಮಾಡಿದ್ದೇನೆ, ಹೀಗೆ ಎಲ್ಲ ಕನ್ನಡದಲ್ಲಿ. ಅಷ್ಟು ಸಣ್ಣ ವಿಷಯಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ನಾಲ್ಕು ಸಲ ಹೊಡೆದು ಬರೆದೆ. ಮೊದಲಿಗೆ ನಮಸ್ಕಾರ ಹಾಕಿ ಕಳಿಸಿದೆ.

ಸೋಮವಾರ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಪಾಸ್‌ವರ್ಡಿಗೂ ಮರುದಿನ ಉತ್ತರ ಬರೆದವರು ಇವರೇನಾ ಎನಿಸಿತು. ಬುಧವಾರ ತಡೆಯಲಾರದೆ ಫೋನು ಮಾಡಿ, ಪತ್ರ ಬಂದಿಲ್ಲವೇ ಎಂದು ಕೇಳಿದೆ.

“ಕಚರಾದಾಗ ಬಿದ್ದೈತ್ರಿ. ನೋಡೇನಿ,” ಎಂದರು ಅಕ್ಕಾರು. “ನಿಮ್ಮ ಜುನೇ ಪತ್ರ ಎಲ್ಲಾ ಇನ್ನ ಅಲ್ಲೇ ಅದಾವಲ್ಲಾ, ಯಂತ್ರಕ್ಕ ನೀವೂ ಕಚರಾನ. ಮೊದಲ ಗಿರಾಕಿಗೋಳ್ನ ತಗದೇನಿ. ನಿಮ್ಮನ್ನ ಕಡೀಕಂತ ಬಿಟ್ಟೇನಿ.”

ಆಚೆ ಮಗ್ಗಗಳ ಸದ್ದಿನ ನಡುವೆ ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಬೇಕಿದ್ದರೆ ಮನೆಯಲ್ಲೇ ಕೂತು ಒಂದು ಆಜ್ಞೆ ಕೊಟ್ಟು ನನ್ನ ಪತ್ರವನ್ನು ಹೊರಗೆ ಎಳೆಯಬಹುದಿತ್ತು. ಎಳೆಯಲಿಲ್ಲ. ಎರಡು ದಿನ ಬಿಟ್ಟು ಶುಕ್ರವಾರ ಬೆಳಿಗ್ಗೆ ಉತ್ತರ ಬಂತು. ನಾನು ಮಾಡಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ ತೋರಿಸಿದ್ದರು. ಅದರ ಕೆಳಗೆ ಒಂದೇ ಸಾಲು: ನಿಮ್ಮ ಪತ್ರ ಮುಟ್ಟಿತು, ಸಂಗತಿ ತಿಳಿಯಿತು.